ಸತ್ರ ಮನಿ ಯಾರಿಗಿ?

ಬೆಳಿಗ್ಗೆ ಶೇಂಗಾ ಚಟ್ನಿಯ ಡಬ್ಬಿ ತೊಳೆಯುತ್ತಿದ್ದೆ. ಹಳೆಯ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಚುಕ್ಕಿಗಳು ತಾಗುತ್ತವೆ. ಅದು ನನ್ನ ಹೆಸರು. ನನ್ನ ಮದುವೆಯ ಹೊತ್ತಿಗೆ ಅಪ್ಪ ಅಕ್ಕಲಕೋಟದ ಭಾಂಡೆ ಅಂಗಡಿಯಲ್ಲಿ ಕೊರೆಸಿದ್ದು. ಟರ್ರ್ ಎಂದು ಸದ್ದು ಮಾಡುವ ಪುಟ್ಟ ಯಂತ್ರ ಹಿಡಿದು ಕುಳಿತಿದ್ದವನಿಗೆ ಮರಾಠಿ ಮಾತ್ರ ಬರುತ್ತಿತ್ತು. ಹಾಗಾಗಿ ಕನ್ನಡ ಸಾಲಿ ಕಲಿತ ಸುವರ್ಣಾ ಎಂಬ ನಾನು ನನ್ನ ಪಾತ್ರೆಗಳ ಮೇಲೆಲ್ಲ ದೇವನಾಗರಿಯಲ್ಲಿದ್ದೇನೆ. ಅದರಲ್ಲೂ ಈ ಡಬ್ಬಿಯ ಹೊತ್ತಿಗೆ ಅವನಿಗೆ ಹಸಿವಾಗಿತ್ತೋ ಏನೋ, ಒಂದಕ್ಷರ ನುಂಗಿದ್ದಾನೆ.

ನಮ್ಮ ಮನೆಯಲ್ಲಿ ಪಾತ್ರೆಯ ಮೇಲಿನ ಹೆಸರಿಗೆ ಬಹಳ ಬೆಲೆ. ಚಿಕ್ಕವಳಿದ್ದಾಗ ನನ್ನ ತಾಟಿನಲ್ಲಿ ಬೇರೆ ಯಾರಾದರೂ ಉಂಡರೆ ನಾನು ಅಂದು ಊಟವನ್ನೇ ಬಿಡುತ್ತಿದ್ದೆ. ತಮ್ಮ ಮಲ್ಲಿನಾಥ ಒಮ್ಮೆ ಮೊಳೆ ತಗೊಂಡು ನನ್ನ ತಾಟಿನ ಹಿಂದೆ ತನ್ನ ಹೆಸರು ಗೀಚಿದ. ನಾನು ಅವನನ್ನು ಹುಣಸೆ ಮರದವರೆಗೆ ಅಟ್ಟಿಸಿಕೊಂಡು ಹೋಗಿ ಹೊಡೆದೆ. ಅವನು ಅತ್ತ, ಅವ್ವ ನನಗೆ ಹೊಡೆದಳು, ನಾನು ಅತ್ತೆ. ಕಡೆಗೆ ಆ ತಾಟನ್ನು ಎಮ್ಮೆಗೆ ಹಿಂಡಿ ಕಲಸಲು ಇಟ್ಟರು.

ಹೀಗೆ ಹೆಸರಿನ ಮೇಲೆ ಮನಸ್ಸು ಓಡುವುದಕ್ಕೆ ಡಬ್ಬಿ ಒಂದು ನೆವ ಅಷ್ಟೇ. ನಿಜವಾದ ಕಾರಣ ಮೊಬೈಲಿನ ಒಂದು ಆಟ. ನೀವು ನಗುತ್ತೀರಿ, ಗೊತ್ತು. ಮಕ್ಕಳ ಮದುವೆಯ ಮಾತು ಆಡುವ ವಯಸ್ಸಿನಲ್ಲಿ ಇವಳಿಗೇನು ಆಟ ಅಂತ. ನಮ್ಮವರೂ ಹಾಗೇ ನಕ್ಕಿದ್ದರು.

ಸೊಲ್ಲಾಪುರದ ನವಿ ಪೇಠದಲ್ಲಿ ನಮ್ಮದು ಮ್ಯಾಚಿಂಗ್ ಸೆಂಟರ್. ಸೀರೆ ಹಿಡಿದುಕೊಂಡು ಬರುವ ಹೆಂಗಸರಿಗೆ ಅದಕ್ಕೊಪ್ಪುವ ಬ್ಲೌಸ್ ಪೀಸು, ಅಸ್ತರ, ಫಾಲ್, ಲೇಸು ಹುಡುಕಿಕೊಡುವುದು ನನ್ನ ಕೆಲಸ. ನನ್ನ ಆಯುಷ್ಯವೆಲ್ಲ ಇದು ಗಿಳಿಹಸಿರೋ ಪಿಸ್ತಾ ಹಸಿರೋ ಎಂಬ ವಾದದಲ್ಲೇ ಕಳೆದಿದೆ. ಮಧ್ಯಾಹ್ನ ಊಟದ ನಂತರ ಪೇಠದಲ್ಲಿ ಜನ ಕಡಿಮೆ. ನಮ್ಮವರು ಗಾದಿಗೆ ಒರಗಿ ಕಣ್ಣು ಮುಚ್ಚುತ್ತಾರೆ. ಆ ಹೊತ್ತು ನನ್ನದು.

ಆಟ ಕಲಿಸಿದವನು ಅದೇ ತಮ್ಮ, ಮಲ್ಲೂ. ಅಕ್ಕಲಕೋಟದಿಂದ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ಬರುವ ನಮ್ಮೂರಲ್ಲಿ ಅವನೇ ಹೊಲ ನೋಡಿಕೊಂಡಿರುತ್ತಾನೆ. ಡಿಪ್ಲೊಮಾ ಓದುವಾಗ ನಮ್ಮ ಮನೆಯಲ್ಲೇ ಇದ್ದ. ಪುಸ್ತಕಕ್ಕಿಂತ ಕಂಪ್ಯೂಟರ್ ಆಟದ ಮುಂದೆ ಕುಳಿತದ್ದೇ ಹೆಚ್ಚು. ಹೋದ ಸಲ ಕಬ್ಬು ಹೇರುವಾಗ ಟ್ರಾಲಿಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಒಳಗೆ ರಾಡು ಹಾಕಿದರು. ತಿಂಗಳುಗಟ್ಟಲೆ ಹಾಸಿಗೆ. ಹೊಲದಲ್ಲಿ ಓಡಾಡುವ ಮನುಷ್ಯ ಜಂತಿ ಎಣಿಸುತ್ತ ಮಲಗಿದರೆ ಹೇಗಿರುತ್ತಾನೆ ಹೇಳಿ. ಹೆಂಡತಿ ಸುನಂದಾಳ ಮೇಲೆ ರೇಗುತ್ತಿದ್ದ, ಅವ್ವನ ಮೇಲೆ ರೇಗುತ್ತಿದ್ದ, ಫ್ಯಾನಿನ ಮೇಲೂ ರೇಗುತ್ತಿದ್ದ. ನೋಡಲು ಹೋದಾಗ ನನ್ನ ಫೋನು ಕಸಿದುಕೊಂಡು ಅದರಲ್ಲಿ ಆಟ ಹಾಕಿಕೊಟ್ಟ.

"ಮಧ್ಯಾಹ್ನ ನೀ ಖಾಲಿ, ನಾ ಖಾಲಿ. ಇಬ್ರೂ ಆಡೋಣು ಅಕ್ಕಾ. ಕಿವ್ಯಾಗ ಹಾಕ್ಕೊಂಡ್ರ ಮಾತೂ ಆಡಬೌದು."

ಅದು ಗೆಲ್ಲುವ ಸೋಲುವ ಆಟವಲ್ಲ. ಒಬ್ಬ ಮನುಷ್ಯನ ವೇಷ ಹಾಕಿಕೊಂಡು ಇನ್ನೊಂದು ಲೋಕದಲ್ಲಿ ಬದುಕುವುದು. ಅಲ್ಲಿ ಊರಿದೆ, ಹೊಳೆಯಿದೆ, ಹೊಲವಿದೆ, ಕಾಡಿದೆ, ಕಾಡಿನಲ್ಲಿ ಬೆಂಕಿಯುಗುಳುವ ಪ್ರಾಣಿಗಳಿವೆ. ದುಡಿದರೆ ಮನೆ ಕಟ್ಟಬಹುದು, ದನ ಕೊಳ್ಳಬಹುದು, ಮದುವೆಯಾಗಬಹುದು. ನಾನು ಗೌರಾ ಎಂಬ ಹೆಂಗಸಾದೆ. ಮೊದಲ ಮಧ್ಯಾಹ್ನವಿಡೀ ಅವಳ ಲಂಗಕ್ಕೆ ಒಪ್ಪುವ ಕುಪ್ಪಸದ ಬಣ್ಣ ಹುಡುಕುವುದರಲ್ಲೇ ಹೋಯಿತು. ಹೊರಗೆ ಮಲ್ಲೂ ಕತ್ತಿ ಹಿಡಿದು ಕಾಯುತ್ತಿದ್ದ. "ಅಕ್ಕಾ, ಯುದ್ಧಕ್ಕ ಹೊಂಟೀವಿ, ಕುಬಸಾಕಲ್ಲ" ಎಂದು ಬೇಡಿಕೊಂಡ. ಕಡೆಗೂ ಊರ ಬಾಗಿಲು ದಾಟಿದೆ. ಒಂದು ಕಾಡುಹಂದಿ ಬಂದು ಗುದ್ದಿತು, ಸತ್ತೆ. ನಾನು ಕಿರುಚಿದ ರಭಸಕ್ಕೆ ಎದುರು ಕುಳಿತ ಗಿರಾಕಿಯ ಕೈಯಿಂದ ಲೇಸಿನ ಸುರುಳಿ ಜಾರಿ ರಸ್ತೆಯ ತನಕ ಉರುಳಿತು.

ಆ ಸಲ ಸತ್ತರೂ ಎದ್ದೆ. ಸ್ವಲ್ಪ ಕಲಿತ ಮೇಲೆ ಮಲ್ಲೂ ನಮ್ಮಿಬ್ಬರನ್ನೂ ಕಠಿಣವಾದ ಇನ್ನೊಂದು ಲೋಕಕ್ಕೆ ಸೇರಿಸಿದ. ಅಲ್ಲಿ ಸತ್ತರೆ ಸತ್ತಹಾಗೇ. ಮತ್ತೆ ಏಳುವುದಿಲ್ಲ, ಬೇಕಾದರೆ ಹೊಸ ಮನುಷ್ಯನಾಗಿ ಮೊದಲಿಂದ ಶುರು ಮಾಡಬೇಕು.

"ಅಲ್ಲೋ, ಸತ್ರ ಮನಿ ಯಾರಿಗಿ?" ಎಂದು ಕೇಳಿದ್ದೆ.

"ನಾ ಸಾಯೂದ ಇಲ್ಲ ಅಕ್ಕಾ" ಎಂದಿದ್ದ, ಮುರಿದ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು.

ಅವನ ವೇಷದ ಹೆಸರು ಭೀಮಣ್ಣ. ನೋಡುನೋಡುತ್ತಲೇ ಹೊಳೆಯ ದಂಡೆಗೆ ವಾಡೆಯಂಥ ದೊಡ್ಡ ಮನೆ ಕಟ್ಟಿದ. ಬಾಗಿಲಿಗೆ ಕಾವಲುಗಾರರು, ಹಿತ್ತಲಲ್ಲಿ ಹಣ್ಣಿನ ತೋಟ, ಕೊಟ್ಟಿಗೆ ತುಂಬ ಎಮ್ಮೆ. ಆಟದೊಳಗಿನ ಒಬ್ಬ ಹೆಣ್ಣನ್ನು ಮದುವೆಯಾದ. ಅವಳನ್ನು ಯಾರೂ ಆಡಿಸುವುದಿಲ್ಲ, ಯಂತ್ರವೇ ನಡೆಸುತ್ತದೆ. ಚಂಪಾ ಎಂದು ಹೆಸರಿಟ್ಟಿದ್ದ. ಅವಳು ದಿನವಿಡೀ ಕಸ ಗುಡಿಸುತ್ತಿದ್ದಳು, ನೀರು ಹೊರುತ್ತಿದ್ದಳು, ಕಳೆ ಕೀಳುತ್ತಿದ್ದಳು. ಪೇಟೆಯ ಹಿಂದಿನ ಗುಡಿಸಲಿನಲ್ಲಿದ್ದ ನಾನು, ಅಲ್ಲೂ ಬಟ್ಟೆಯ ಅಂಗಡಿಯನ್ನೇ ಇಟ್ಟಿದ್ದೆ ಬಿಡಿ, ಅವರ ಮನೆಗೆ ಹೋದರೆ ಚಂಪಾ "ಬನ್ನಿ, ಕೂಡಿ, ದಣಿದು ಬಂದಿರಿ" ಎನ್ನುತ್ತಿದ್ದಳು. ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ. ನಾನು ನನ್ನ ಮಟ್ಟಿಗೆ ಕನ್ನಡ ಮಾಡಿಕೊಂಡಿದ್ದೆ.

ಒಂದು ಮಧ್ಯಾಹ್ನ ಭೀಮಣ್ಣ ಕಾಡಿನಿಂದ ಯಾವುದೋ ಬೆಂಕಿಯ ಪ್ರಾಣಿಯನ್ನು ಕೊಂದು ಮರಳಿದ್ದ. ಮೈಮೇಲೆ ಕಬ್ಬಿಣದ ಕವಚ. ಅಷ್ಟರಲ್ಲಿ ಅವನ ಎಮ್ಮೆಗರು ಹೊಳೆಯಲ್ಲಿ ತೇಲಿಹೋಗುತ್ತಿರುವುದು ಕಂಡಿತು.

"ಮಲ್ಲೂ, ಜಿಗೀಬ್ಯಾಡೋ! ಕಬ್ಬಣ ಹಾಕ್ಕೊಂಡೀದಿ!"

ಜಿಗಿದೇಬಿಟ್ಟ. ಗುಳುಂ ಎಂದಿತು. ಒಂದಿಷ್ಟು ಗುಳ್ಳೆ ಬಂದವು, ಆಮೇಲೆ ಅವೂ ಬರಲಿಲ್ಲ. ಕರು ಮಾತ್ರ ತಾನಾಗಿಯೇ ಆಚೆ ದಂಡೆ ಹತ್ತಿ ಹುಲ್ಲು ತಿನ್ನತೊಡಗಿತು.

ನನಗೆ ನಗು ಬಂತು. ಆದರೆ ಅದು ಪೂರಾ ಹೊರಗೆ ಬರುವ ಮೊದಲೇ ನನ್ನ ಫೋನಿನಲ್ಲಿ ಢಣ್ ಎಂದು ಗಂಟೆ ಬಾರಿಸಿ, ಪರದೆಯ ತುಂಬ ಅಕ್ಷರ ಮೂಡಿದವು. ಮೃತನ ಮನೆ, ಹೊಲ, ತೋಟ, ದನಕರು ಸಮಸ್ತವೂ ಇನ್ನು ಮುಂದೆ ಗೌರಾಳದು.

ನಾನು ಓದಿದೆ. ಮತ್ತೆ ಓದಿದೆ. ಎದುರಿಗೆ ಯಾರೋ ಪಿಸ್ತಾ ಬಣ್ಣದ ಅಸ್ತರ ಕೇಳುತ್ತಿದ್ದರು, ನಾನು ಕೆಂಪು ಕತ್ತರಿಸಿ ಕೊಟ್ಟೆ.

"ಅಕ್ಕಾ, ನನ್ನ ಕಡಿ ಎಲ್ಲಾ ಕರ್ರಗ ಆಗ್ಯಾದ" ಎಂದಿತು ಕಿವಿಯಲ್ಲಿ ಮಲ್ಲೂನ ಧ್ವನಿ. "ನಿನ್ನ ಕಡಿ ಏನ್ ಬಂದದ?"

ಓದಿ ಹೇಳಿದೆ.

"ಎಲ್ಲಾ? ಎಮ್ಮೀನೂ?"

"ಎಮ್ಮೀನೂ."

"ಅರೇ ದೇವಾ! ಚಂಪಾ ಇದ್ದಾಳಲ್ಲ? ಆಕಿಗಿ ಬರಬೇಕಲ್ಲ?"

ಅವನು ಎಲ್ಲೆಲ್ಲೋ ಹುಡುಕಿ ಆ ಲೋಕದ ಕಾಯ್ದೆ ಓದಿದ. ಮಕ್ಕಳಿಲ್ಲದವನು ಸತ್ತರೆ ಆಸ್ತಿ ಅವನ ಕುಲದ ಹಿರಿಯರಿಗೆ. ಹೆಸರು ಬರೆಸುವಾಗ ಅವನೇ ನಮ್ಮಿಬ್ಬರನ್ನೂ ಒಂದೇ ಕುಲ ಎಂದು ಸೇರಿಸಿದ್ದ. ಹೆಂಡತಿ ಹೊರಗಿನಿಂದ ಬಂದವಳು, ಅವಳು ಕುಲದ ಲೆಕ್ಕಕ್ಕಿಲ್ಲ.

ನಾನು ಗೌರಾಳನ್ನು ಓಡಿಸಿಕೊಂಡು ವಾಡೆಗೆ ಹೋದೆ. ಕಾವಲುಗಾರರು ಬಗ್ಗಿ ನಮಸ್ಕರಿಸಿದರು. ಬಾಗಿಲ ಹೊರಗೆ, ಬಿಸಿಲಿನಲ್ಲಿ, ಬಗಲಲ್ಲಿ ಒಂದು ಗಂಟು ಹಿಡಿದುಕೊಂಡು ಚಂಪಾ ನಿಂತಿದ್ದಳು. ಇಷ್ಟು ದಿನ ಆಡದ ಮಾತೊಂದನ್ನು ಆಡಿದಳು: "ಒಡತೀ, ನಾನು ಎಲ್ಲಿಗೆ ಹೋಗಲಿ?"

ಗೊಂಬೆ ಎಂದು ಗೊತ್ತು, ಆದರೂ ಒಳಗೆ ಕರೆಯಲು ಅಲ್ಲಿ ಇಲ್ಲಿ ಒತ್ತಿದೆ. ಆಗಲಿಲ್ಲ. ಅವಳ ಮುಂದೆ ನಿಂತರೆ ಒಂದೇ ಒಂದು ಗುಂಡಿ ಮೂಡುತ್ತಿತ್ತು: ಕೆಲಸದವಳಾಗಿ ಇಟ್ಟುಕೊಳ್ಳುವುದೋ? ನಿನ್ನೆಯವರೆಗೆ ಆ ಮನೆಯ ಅಂಗಳ ಗುಡಿಸಿದವಳನ್ನು ಅದೇ ಅಂಗಳ ಗುಡಿಸಲು ಇಟ್ಟುಕೊಳ್ಳುವುದಂತೆ! ಫೋನು ಬೋರಲು ಹಾಕಿ ನೀರು ಕುಡಿದೆ.

ಮರುದಿನ ಮಲ್ಲೂ ಹೊಸ ಮನುಷ್ಯನಾಗಿ ಬಂದ. ಬರಿಗಾಲು, ಹರಕು ಅಂಗಿ. ತನ್ನ ವಾಡೆಯ ಬಾಗಿಲಿಗೇ ಬಂದ. ತಾನೇ ಇಟ್ಟ ಕಾವಲುಗಾರರು ಭರ್ಚಿ ಅಡ್ಡ ಹಿಡಿದರು.

"ಅಕ್ಕಾ, ನಂದು ನನ್ನ ಹೆಸರಿಗಿ ಮಾಡಿಬಿಡು ಲಗೂನ. ಒಂದ್ ಮಿನಿಟಿನ ಕೆಲಸದ್. ಆಗ ತಹಸೀಲದಾಗ ಹಕ್ಕಸೋಡ ಮಾಡಿದ್ದಿ ನೋಡು, ಹಂಗ."

ನಗುತ್ತಲೇ ಅಂದ. ಅದರಲ್ಲಿ ಒಂದಿಷ್ಟೂ ಕೆಟ್ಟ ಮನಸ್ಸಿರಲಿಲ್ಲ, ಇದನ್ನು ನೀವು ನಂಬಬೇಕು.

ಹಕ್ಕಸೋಡ ಎಂದರೆ ಹೆಣ್ಣುಮಕ್ಕಳು ತವರಿನ ಆಸ್ತಿಯಲ್ಲಿ ನಮಗೇನೂ ಬೇಡ ಎಂದು ಬರೆದುಕೊಡುವುದು. ನಮ್ಮ ಕಡೆ ಹೆಚ್ಚುಕಡಿಮೆ ಎಲ್ಲರೂ ಕೊಡುತ್ತಾರೆ. ಅಪ್ಪ ತೀರಿಕೊಂಡು ವರ್ಷಾಂತವಾದ ಮೇಲೆ ನಾನೂ ಅವ್ವನೂ ಜೀಪಿನಲ್ಲಿ ಅಕ್ಕಲಕೋಟಕ್ಕೆ ಹೋಗಿದ್ದೆವು. ಸಾತಬಾರಾದಲ್ಲಿ, ಅಂದರೆ ಹೊಲದ ಉತಾರದಲ್ಲಿ, ನಿಮ್ಮ ಕಡೆಯ ಪಹಣಿಯಲ್ಲಿ, ಒಬ್ಬನದೇ ಹೆಸರಿದ್ದರೆ ಕೆಲಸ ಸಲೀಸು ಎಂದು ಹಿರಿಯರು ಹೇಳಿದ್ದರು. ಅಪ್ಪನ ಮನೆ ಹೊಲದಲ್ಲಿ ತನ್ನ ಪಾಲು ಬಿಟ್ಟ ಕಾಗದಕ್ಕೆ ಅವ್ವ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಗೋಡೆಗೆ ಒರೆಸಿ, ಯಾರಾದರೂ ಬೈದಾರೆಂದು ಸೆರಗಿನಿಂದ ಗೋಡೆ ಒರೆಸಿದಳು. ನನಗಿದ್ದ ಚಿಂತೆ ಒಂದೇ, ಸಹಿ ಚೆಂದ ಬರಬೇಕು ಅಂತ. ಬಂತು. ಹೊರಗೆ ಬಂದು ಬಿಸಿ ಭಜಿ ತಿಂದು ಚಹಾ ಕುಡಿದೆವು. ಮಲ್ಲೂ ನನಗೊಂದು ಸೀರೆ ಉಡಿಸಿದ. ಅದನ್ನು ನವಿ ಪೇಠದಲ್ಲೇ ಕೊಂಡಿದ್ದ, ನಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆಯಾಚೆ. ಅದಕ್ಕೆ ಒಪ್ಪುವ ಬ್ಲೌಸ್ ಪೀಸು ನನ್ನ ಅಂಗಡಿಯಲ್ಲೇ ಸಿಗಲಿಲ್ಲ.

ಯಾರೂ ಒತ್ತಾಯ ಮಾಡಿರಲಿಲ್ಲ. ಒತ್ತಾಯ ಮಾಡಿದ್ದರೆ ನೆನಪಿರುತ್ತಿತ್ತು. ಇಷ್ಟು ವರ್ಷ ಅದು ನನಗೆ ನೆನಪೇ ಇರಲಿಲ್ಲ. ಭಜಿ ನೆನಪಿತ್ತು.

ಈಗ ಫೋನಿನಲ್ಲಿ ನನ್ನ ತಮ್ಮ ಹರಕು ಅಂಗಿಯಲ್ಲಿ ನಿಂತು "ಮಾಡಿಬಿಡು" ಎನ್ನುತ್ತಿದ್ದಾನೆ. ನಾನು ಕೊಡಬೇಕೆಂದೇ ಬೆರಳು ಎತ್ತಿದೆ. ಬಾಯಿಂದ ಬಂದದ್ದು ಬೇರೆ.

"ಕೊಡಂಗಿಲ್ಲ."

ಅವನಿಗಿಂತ ಹೆಚ್ಚು ಗಾಬರಿಯಾದದ್ದು ನನಗೆ. ಯಾರು ಹೇಳಿದರು ಇದನ್ನು ಎಂದು ಸುತ್ತ ನೋಡಿದೆ. ಗಾದಿಯ ಮೇಲಿದ್ದ ನಮ್ಮವರು ಒಂದು ಕಣ್ಣು ತೆರೆದು, "ಏ, ಗಿರಾಕಿಗಿ ಹಂಗ ಅನಬಾರ್ದು" ಎಂದರು.

"ಅಕ್ಕಾ, ಚೇಷ್ಟಿ ಮಾಡ್ತಿ ಏನು?"

"ಇಲ್ಲ. ಕೊಡಂಗಿಲ್ಲ ಅಂದೆ. ಬಂದದ, ಇಟ್ಗೊಂತೀನಿ."

ಫೋನು ಇಟ್ಟುಬಿಟ್ಟ.

ಆಮೇಲೆ ಎಷ್ಟೋ ದಿನ ಅವನ ಕರೆಯೇ ಬರಲಿಲ್ಲ. ನಾನೂ ಮಾಡಲಿಲ್ಲ. ಇಲ್ಲದ ಹೊಳೆಯ ದಂಡೆಯ ಇಲ್ಲದ ಮನೆಗಾಗಿ ಅಕ್ಕ ತಮ್ಮ ಮಾತು ಬಿಟ್ಟರು ಎಂದರೆ ಜನ ಏನಂದಾರು! ಕಡೆಗೆ ಸುನಂದಾ ಫೋನು ಮಾಡಿದಳು.

"ಅಕ್ಕಾರ, ಏನ್ ಆಗ್ಯಾದ್ರಿ ನಿಮ್ಮಿಬ್ರಿಗಿ? ಇವ್ರು ಸರಿ ಊಟಾ ಮಾಡವಲ್ರು, ಗ್ವಾಡಿ ಕಡಿ ಮಾರಿ ಮಾಡ್ಕೊಂಡು ಮಲಗ್ತಾರ."

ನಾನು ಎಲ್ಲ ಹೇಳಿದೆ. ನಕ್ಕು ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. "ಹೇಣ್ತಿಗಿ ಏನೂ ಬರಂಗಿಲ್ಲೇನ್ರಿ ಅದ್ರಾಗ?" ಎಂದು ಮೆಲ್ಲಗೆ ಕೇಳಿದಳು.

ಅಂಗಡಿಯ ರಜೆಯ ದಿನ ಊರಿಗೆ ಹೋದೆ. ಮಲ್ಲೂ ಪಡಸಾಲೆಯ ಮಂಚದ ಮೇಲೆ ಗೋಡೆ ನೋಡುತ್ತ ಮಲಗಿದ್ದ. ಕಾಲಿನ ಪಟ್ಟಿ ಬಿಚ್ಚಿದ್ದರು, ಮಂಚಕ್ಕೆ ಕೋಲು ಒರಗಿಸಿತ್ತು. ಅವ್ವ ಕೆಳಗೆ ಕುಳಿತು ತೊಗರಿಕಾಯಿ ಸುಲಿಯುತ್ತಿದ್ದಳು. ಸುನಂದಾ ನೀರು ತಂದುಕೊಟ್ಟಳು.

"ಬಂದ್ಲು ನೋಡು ವಾಡೇದ ಒಡತಿ" ಎಂದ ಗೋಡೆಗೆ.

"ಏನ್ ವಾಡೇ? ಯಾರ್ದು?" ಎಂದಳು ಅವ್ವ.

ಹೇಳುವುದಕ್ಕಿಂತ ತೋರಿಸುವುದು ಸುಲಭ ಎಂದು ಫೋನು ತೆಗೆದು ಅವ್ವನ ಮುಂದೆ ಹಿಡಿದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಮನೆ, ತೋಟ, ಎಮ್ಮೆ ಎಲ್ಲ ದಾಟಿ ಅವಳ ಬೆರಳು ಬಾಗಿಲ ಹೊರಗೆ ಹೋಗಿ ನಿಂತಿತು.

"ಈಕಿ ಯಾರು? ಬಿಸಲಾಗ ಯಾಕ ನಿಂತಾಳ?"

"ಆಕಿ ಗಂಡ ಸತ್ತಾನ ಅವ್ವಾ. ಮನಿ ನಾದಿನಿಗಿ ಹೋಗ್ಯಾದ. ಆಕಿ ಹೆಸರ ಎಲ್ಲೂ ಇಲ್ಲ, ಅದಕ್ಕ ಹೊರಗ ಹಾಕ್ಯಾರ" ಎಂದೆ.

ಅವ್ವ ಬಹಳ ಹೊತ್ತು ನೋಡಿದಳು. "ಶ್ಯಾಣ್ಯಾಕಿ ಅದಾಳ" ಎಂದಳು. "ಗಂಟ ಕಟ್ಟಿ ಇಟ್ಟಿದ್ಲು. ನಾನೂ ಕಟ್ಟಿ ಇಟ್ಟೀನಿ."

ಏನೋ ಹರಟೆ ಎಂದುಕೊಂಡೆವು. ಅವ್ವ ಮಡಿಲಲ್ಲಿದ್ದ ಸಿಪ್ಪೆ ಝಾಡಿಸಿ ಎದ್ದು ಒಳಗೆ ಹೋದಳು. ಅವಳ ಮಂಚದ ಕೆಳಗೆ ಏನೋ ಎಳೆಯುವ ಸದ್ದಾಯಿತು. ಹಳೆಯ ಚಾದರಿನಲ್ಲಿ ಕಟ್ಟಿದ ಗಂಟೊಂದನ್ನು ತಂದು ನಮ್ಮ ನಡುವೆ ಇಟ್ಟು ಬಿಚ್ಚಿದಳು. ಎರಡು ಸೀರೆ. ವಿಭೂತಿ ಉಂಡೆ. ಬಿ.ಪಿ. ಗುಳಿಗೆ. ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಕಾರ್ಡು. ಅಪ್ಪನ ಚಿಕ್ಕ ಫೋಟೋ.

ಮಲ್ಲೂ ಕೋಲನ್ನೂ ಮರೆತು ಮುರಿದ ಕಾಲಿನ ಮೇಲೇ ಎದ್ದು ನಿಂತಿದ್ದ.

"ಅವ್ವಾ! ಇದೇನಿದು? ಯಾವಾಗ ಕಟ್ಟಿದ್ದಿ?"

"ನೀ ಟ್ರಾಲಿ ಮ್ಯಾಲಿಂದ ಬಿದ್ದ ದಿನ. ಎಲ್ಲಾರೂ ನಿನ್ನ ಸೊಲ್ಲಾಪುರ ದವಾಖಾನಿಗಿ ಒಯ್ದ್ರು. ಮನ್ಯಾಗ ನಾ ಒಬ್ಬಾಕಿ."

"ನಾ ನಿನ್ನ ಹೊರಗ ಹಾಕ್ತೀನಂತ ಅನ್ಕೊಂಡಿ ಏನು? ನಾ?"

"ನೀ ಯಾಕ ಹಾಕ್ತಿ? ನೀ ಇರೂತನಾ ಏನೂ ಚಿಂತಿಲ್ಲ. ನೀ ಇರ್ಲಿಲ್ಲಂದ್ರ? ಕಾಗದದಾಗ ನಾ ಇಲ್ಲಲ್ಲ. ಹೆಬ್ಬಟ್ಟ ಒತ್ತಿ ಬಂದೀನಲ್ಲ."

ಬಾಗಿಲಿಗೆ ಆತು ನಿಂತಿದ್ದ ಸುನಂದಾ ಅವ್ವನ ಎದುರು ಬಂದು ಕುಳಿತಳು. "ಅತ್ಯಾ, ನಾ ಇರ್ಲಿಲ್ಲೇನ್ರಿ? ನಾ ನಿಮ್ಮನ್ನ ಕಳಸ್ತಿದ್ನೇನ್ರಿ?"

ಅವ್ವ ಅವಳ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. "ನಿನ್ನ ಹೆಸರ ಎಲ್ಲಿ ಅದವಾ? ನಿನ್ನನ್ನ ಯಾರರೆ ಎಬ್ಬಿಸಿದ್ರ, ನೀ ನನ್ನ ಎಲ್ಲಿ ಇಟ್ಗೊಂತಿದ್ದಿ?"

ಹೊರಗೆ ಎಮ್ಮೆ ಒದರುತ್ತಿತ್ತು, ಅದಕ್ಕೆ ನೀರು ತೋರಿಸಲು ಕೂಡ ಯಾರೂ ಏಳಲಿಲ್ಲ. ನಾನೇ ಧೈರ್ಯ ಮಾಡಿ ಕೇಳಿದೆ: "ಎಲ್ಲಿಗಿ ಹೋಗಾಕಿದ್ದಿ ಅವ್ವಾ?"

"ಮಠಕ್ಕ. ಅಲ್ಲಿ ಎರಡೂ ಹೊತ್ತು ಪ್ರಸಾದ ಇರ್ತದ."

"ನನ್ನ ಮನಿ ಇರ್ಲಿಲ್ಲೇನು?"

"ಅದು ಅಳಿಯಂದ್ರ ಮನಿ" ಎಂದಳು ಅವ್ವ, ಇದೂ ಹೇಳಬೇಕಾದ ಮಾತೇ ಎಂಬಂತೆ.

ಮಗನ ಮನೆ ಮಗನದು, ಮಗಳ ಮನೆ ಅಳಿಯನದು. ನಮ್ಮನ್ನು ಹೆತ್ತವಳು, ಆ ಗೋಡೆಗಳಿಗೆ ವರ್ಷವರ್ಷವೂ ಸುಣ್ಣ ಬಳಿದವಳು, ಗಂಟಿನ ಪಕ್ಕದಲ್ಲಿ ಕುಳಿತು ಮತ್ತೆ ತೊಗರಿಕಾಯಿ ಸುಲಿಯತೊಡಗಿದಳು. ತಮ್ಮನ ಕಾಲು ಮುರಿದ ದಿನ ನಾವೆಲ್ಲ ದವಾಖಾನೆಯ ಹೊರಗೆ ದೇವರಿಗೆ ಹರಕೆ ಹೊರುತ್ತಿದ್ದಾಗ, ಇವಳು ಒಬ್ಬಳೇ ಮನೆಯಲ್ಲಿ ಆಧಾರ್ ಕಾರ್ಡು ಹುಡುಕುತ್ತಿದ್ದಳು. ಆಟದವರು ಎಲ್ಲೋ ದೂರದೇಶದಲ್ಲಿ ಕುಳಿತು ಆ ಕಾಯ್ದೆ ಬರೆದಿರಬೇಕು. ನಮ್ಮ ಪಡಸಾಲೆ ಅವರಿಗೆ ಹೇಗೆ ಗೊತ್ತಾಯಿತೋ!

ನಿಜವಾದ ಕಾಯ್ದೆ ಅಷ್ಟು ಕಠೋರವಲ್ಲವಂತೆ. ಕರಿ ಕೋಟಿಗೆ ಅಸ್ತರ ಕೊಳ್ಳಲು ಬಂದ ವಕೀಲೆಯೊಬ್ಬರನ್ನು ನಾನು ಆಮೇಲೆ ಕೇಳಿದೆ. ಮಗ ಏನೂ ಬರೆದಿಡದೆ ಸತ್ತರೆ ಅವನ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು ಎಂದರು. ಅಂದರೆ ಅವ್ವ ಆ ಗಂಟು ಕಟ್ಟಬೇಕಾಗಿಯೇ ಇರಲಿಲ್ಲ. ಸರಿ, ಆದರೆ ಅವ್ವನಿಗೆ ಇದನ್ನು ಯಾರು ಹೇಳಿದ್ದರು? ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಮಾತ್ರ ಎಲ್ಲರೂ ಹೇಳಿದ್ದರು.

ಅಂದು ಸಂಜೆ ನಾನು ಬಸ್ಸಿಗೆ ಹೊರಟಾಗ ಮಲ್ಲೂ ಕೋಲೂರಿಕೊಂಡು ಊರ ಅಗಸಿ ಬಾಗಿಲ ತನಕ ಬಂದ. "ಆಟಾ ಬಿಡು ಅಕ್ಕಾ, ಅದು ನಿಂದ ಇರ್ಲಿ" ಎಂದ. ಬೇರೆ ಏನೋ ಹೇಳಲು ಬಂದಿದ್ದ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮುಂದಿನ ವಾರ ಅವ್ವನನ್ನೂ ಸುನಂದಾಳನ್ನೂ ಕರೆದುಕೊಂಡು ಗ್ರಾಮಪಂಚಾಯತಿಗೆ ಹೋದ. ಮನೆಯ ಉತಾರದಲ್ಲಿ ಇಬ್ಬರ ಹೆಸರೂ ಸೇರಿಸಬೇಕು ಎಂದ. ಅಲ್ಲಿದ್ದ ಗುಮಾಸ್ತ ಪೆನ್ನು ಕೆಳಗಿಟ್ಟನಂತೆ.

"ಕಮೀ ಮಾಡೂದು ಏನ್ರಿ ಅಣ್ಣಾ? ಬಾಯಕಾಂಚಿ ನಾವಂ ಕಮೀ?" ಎಂದು ಕೇಳಿದನಂತೆ, ಹೆಂಗಸರ ಹೆಸರು ತೆಗೆಯುವುದೇ ಎಂದು.

"ಕಮೀ ಅಲ್ರಿ. ಹಚ್ಚೂದು."

"ಹಚ್ಚೂದಾ?"

ಅವನು ಪಕ್ಕದವನನ್ನು ಕರೆದು ಅವನಿಗೂ ಹೇಳಿದನಂತೆ. ಹೆಂಗಸರ ಹೆಸರು ತೆಗೆಸಲು ಬರುವವರಿಗೆ ಏನೇನು ಬೇಕೆಂದು ಬಾಯಿಪಾಠ ಇದ್ದ ಮನುಷ್ಯ, ಸೇರಿಸಲು ಏನು ಬೇಕೆಂದು ಮೇಲಿನವರನ್ನು ಕೇಳಿ ಬಂದನಂತೆ. ಇಷ್ಟನ್ನೂ ಮಲ್ಲೂ ಅಲ್ಲಿಂದಲೇ ಫೋನು ಮಾಡಿ ಹೇಳಿದ, ಎಷ್ಟೋ ದಿನದ ನಂತರದ ಮೊದಲ ಕರೆ. ನಗುತ್ತಿದ್ದ. ನಗು ನಿಂತ ಮೇಲೆ ಕೇಳಿದ.

"ಅಕ್ಕಾ, ಹೊಲದಾಗ ನಿಂದೂ ಹಚ್ಚಬೇಕೇನು?"

ಬೇಡ ಎಂದು ಹೇಳಲು ಅಭ್ಯಾಸವಾದ ನಾಲಿಗೆ ನನ್ನದು. ಊಟಕ್ಕೆ ಬಡಿಸುವಾಗ ಬೇಡ, ತವರಿಗೆ ಹೋದರೆ ಸೀರೆ ಬೇಡ, ಹೊರಡುವಾಗ ಚೀಲದಲ್ಲಿ ಜೋಳ ಬೇಡ. ಎಲ್ಲ ಬೇಡ ಎಂದು ಎಲ್ಲವನ್ನೂ ಹೊತ್ತುಕೊಂಡು ಬರುವುದು ನಮ್ಮ ರೂಢಿ.

"ಹಚ್ಚು" ಎಂದೆ.

"ಬರಂ, ಆಗ್ಲಿ" ಎಂದ. "ಅದಕ್ಕ ವಕೀಲರಿಗಿ ಕೇಳಬೇಕಾಗ್ತದ. ಕೇಳ್ತೀನಿ."

ಕೇಳಿದ್ದಾನೋ ಇಲ್ಲವೋ ಗೊತ್ತಿಲ್ಲ. ತೊಗರಿ ರಾಶಿಯಾಗಲಿ ಎಂದಿದ್ದಾನೆ. ನಾನು ಮತ್ತೆ ಕೇಳಿಲ್ಲ, ಆದರೆ ಮರೆತೂ ಇಲ್ಲ. ಈ ಸಲ ಭಜಿ ತಿನ್ನಿಸಿ ಮರೆಸಲಾರರು.

ಆಟವನ್ನು ಈಗಲೂ ಆಡುತ್ತೇವೆ. ವಾಡೆ ನನ್ನದೇ. ಮಲ್ಲೂ ಹುಡುಕಿದ್ದಕ್ಕೆ ಆ ಲೋಕದಲ್ಲೂ ಒಂದು ದಾರಿಯಿದೆ ಎಂದು ತಿಳಿಯಿತು: ಮಾಲೀಕರು ಬದುಕಿರುವಾಗಲೇ ತಮಗೆ ಬೇಕಾದವರನ್ನು ವಾರಸುದಾರರೆಂದು ಬರೆಸಬಹುದು. ಚಂಪಾಳ ಹೆಸರು ಬರೆಸಿದೆ. ಕಾವಲುಗಾರರು ಭರ್ಚಿ ಸರಿಸಿದರು, ಅವಳು ಒಳಗೆ ಬಂದು, ದೇವರಾಣೆ, ಮೊದಲು ಪೊರಕೆಯನ್ನೇ ಹುಡುಕಿದಳು. ಮಲ್ಲೂನ ಹರಕು ಅಂಗಿಯವನು ನನ್ನ ಹೊಲವನ್ನು ಪಾಲಿಗೆ ಮಾಡುತ್ತಾನೆ. ಹೊಳೆ ಕಂಡರೆ ದೂರದಿಂದಲೇ ಸುತ್ತಿ ಹೋಗುತ್ತಾನೆ.

ಹೋದ ತಿಂಗಳ ಒಂದು ದಿನ, ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿದ್ದಾಗ, ಅಂಗಡಿಯ ಮುಂದೆ ಆಟೋ ನಿಂತಿತು. ತಲೆಯ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬಳು ಇಳಿದು, ಡ್ರೈವರನ ಹತ್ತಿರ ಜೋರುಮಾಡಿ ಚೀಲ ಇಳಿಸಿಕೊಂಡಳು. ಯಾರೋ ಗಿರಾಕಿ ಎಂದು ನೋಡಿದರೆ ಅವ್ವ. ಒಬ್ಬಳೇ. ಕೈಯಲ್ಲಿದ್ದ ಕತ್ತರಿ ಬಿಟ್ಟು ಓಡಿದೆ.

"ಅವ್ವಾ! ಏನಾತು? ಮಲ್ಲೂಗ ಏನಾತು?"

"ಯಾರಿಗೂ ಏನೂ ಆಗಿಲ್ಲ. ಎಂಟ್ ದಿನಾ ಇರಾಕ ಬಂದೀನಿ."

ನಮ್ಮವರು ಗಾದಿಯಿಂದ ಎದ್ದು ಕುಳಿತರು. ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಅಪ್ಪ ಹೋದ ಮೇಲೆ ಅವ್ವ ಆ ಮನೆ ಬಿಟ್ಟು ಒಂದು ರಾತ್ರಿಯೂ ಎಲ್ಲೂ ಮಲಗಿದವಳಲ್ಲ. ನನ್ನ ಮಗಳ ಬಾರಸೆಗೆ, ಹೆಸರಿಡುವ ದಿನಕ್ಕೆ, ಬಂದವಳು ಕೂಡ ಕತ್ತಲಾಗುವ ಮೊದಲು ಬಸ್ಸು ಹತ್ತಿದ್ದಳು. ಎಮ್ಮೆ ಹಿಂಡಬೇಕು ಅಂತಲೋ, ದೀಪ ಹಚ್ಚಬೇಕು ಅಂತಲೋ ಒಂದಲ್ಲ ಒಂದು ನೆಪ ಹೇಳುತ್ತಿದ್ದಳು. ನಾವೂ ನಂಬಿದ್ದೆವು.

"ಮನಿ ಬಿಟ್ಟು ಬಂದ್ಯಾ ಅವ್ವಾ?" ಎಂದೆ.

"ಬಂದ್ರ ಏನಾತು? ಮನಿ ಎಲ್ಲಿಗಿ ಹೋಗ್ತದ? ನನ್ನ ಹೆಸರ್ಲೆ ಅದ" ಎಂದು, ಗಿರಾಕಿಗಳ 
ಸ್ಟೂಲನ್ನು ಎಳೆದುಕೊಂಡು ಫ್ಯಾನಿನ ಕೆಳಗೆ ಕುಳಿತು, ಅಳಿಯನಿಗೆ ಚಹಾ ತರಿಸಲು ಹೇಳಿದಳು.